ಕಪಾಟಿನೊಳಗೆ ಬಿಸಿಲು

ಬೆಂಗಳೂರಿನಲ್ಲಿ ಬಾಡಿಗೆಗೆ ಮನೆ ಹುಡುಕುವವರು ನೀರು ಹೇಗೆ, ಪಾರ್ಕಿಂಗ್ ಇದೆಯೆ, ಮೆಟ್ರೊ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಯಾವ ಕಿಟಕಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ಎಂದು ಕೇಳುವವರು ಕಡಿಮೆ. ಮನೆ ಹೊಕ್ಕ ಮೇಲೆ, ಊರಿನಿಂದ ತಂದ ದೊಡ್ಡಪತ್ರೆಯ ಕಡ್ಡಿಯನ್ನು ಊರಲು ಜಾಗ ಹುಡುಕುವಾಗ ಆ ಪ್ರಶ್ನೆ ಎದುರಾಗುತ್ತದೆ. ಬಾಲ್ಕನಿಯೇನೋ ಇದೆ, ಆದರೆ ಅದರ ಎದುರಿಗೇ ಪಕ್ಕದ ಕಟ್ಟಡದ ಗೋಡೆ. ಬೆಳಿಗ್ಗೆ ಅರ್ಧ ಗಂಟೆ ಇಣುಕಿದ ಬಿಸಿಲು ಮತ್ತೆ ಮರುದಿನವೇ. ಇಂಥ ಮನೆಗಳಲ್ಲಿ ಕೊತ್ತಂಬರಿ ಬಿತ್ತಿದರೆ ಮೊಳಕೆ ಬರುತ್ತದೆ, ಒಂದು ವಾರ ಆಸೆ ಹುಟ್ಟಿಸುತ್ತದೆ, ಆಮೇಲೆ ದಾರದಂತೆ ಉದ್ದಕ್ಕೆ ಎಳೆದುಕೊಂಡು ಮಗ್ಗುಲಾಗಿ ಬಿದ್ದುಬಿಡುತ್ತದೆ.

ಹಾಗೆಂದು ಸೊಪ್ಪು ಬೆಳೆಯುವ ಆಸೆಯನ್ನು ಬಿಡಬೇಕಾಗಿಲ್ಲ. ಮಲಗುವ ಕೋಣೆಯ ವಾರ್ಡ್‌ರೋಬಿನ ಒಂದು ಕಂಪಾರ್ಟ್‌ಮೆಂಟು, ಅಡುಗೆಮನೆಯ ಪಕ್ಕದ ಸ್ಟೋರ್ ಗೂಡು, ಹಳೆಯ ಕಬ್ಬಿಣದ ಬೀರು, ಯಾವುದಾದರೂ ಸರಿ. ಸುಮಾರು 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳ, ಆಳೆತ್ತರ ಇದ್ದರೆ ಸಾಕು. ಅದರೊಳಗೆ ಕೊತ್ತಂಬರಿ, ಪುದೀನ, ಕಾಮಕಸ್ತೂರಿ, ಸಬ್ಬಸಿಗೆ, ಒಂದೆಲಗ, ಮೆಂತ್ಯದ ಎಳೆಸೊಪ್ಪು ಚೆನ್ನಾಗಿಯೇ ಬರುತ್ತವೆ. ವಾರಕ್ಕೆರಡು ದಿನ ತಂಬುಳಿಗೆ, ಚಟ್ನಿಗೆ, ಸಾರಿನ ಮೇಲೆ ಉದುರಿಸಲಿಕ್ಕೆ ಆಗುವಷ್ಟು. ಇದರಿಂದ ಮನೆಯ ತರಕಾರಿ ಖರ್ಚು ಇಳಿಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಿತ್ತ ಐದೇ ನಿಮಿಷಕ್ಕೆ ತಟ್ಟೆಗೆ ಬಂದ ಕೊತ್ತಂಬರಿಯ ಪರಿಮಳ ಗೊತ್ತಿರುವವರಿಗೆ ಆ ಲೆಕ್ಕ ಬೇಕಾಗುವುದೂ ಇಲ್ಲ.

ಬೇಕಾದ ಲೆಕ್ಕ ಬೇರೆಯದು. ಕಪಾಟು ತೋಟಕ್ಕೆ ಕೈ ಹಾಕಿದ ಹೆಚ್ಚಿನವರು ಇರುವ ಹಣವನ್ನೆಲ್ಲ ದೀಪಕ್ಕೆ ಸುರಿಯುತ್ತಾರೆ. ಗಾಳಿಯ ಯೋಚನೆ ಬರುವುದು ಎಲೆಯ ಮೇಲೆ ಬಿಳಿ ಬೂಷ್ಟು ಕಂಡ ಮೇಲೆ. ದೀಪವನ್ನೂ ಫ್ಯಾನನ್ನೂ ಎರಡು ಬೇರೆ ಬೇರೆ ಖರೀದಿಗಳೆಂದು ತಿಳಿಯುವುದರಿಂದಲೇ ಈ ತೊಂದರೆ. ಮುಚ್ಚಿದ ಜಾಗದೊಳಗೆ ಎಷ್ಟು ಬೆಳಕು ತರುತ್ತೇವೋ ಅಷ್ಟು ಶಾಖವನ್ನೂ ತಂದಿರುತ್ತೇವೆ, ಆ ಶಾಖವನ್ನು ಹೊರಗೆ ಹಾಕಲೇಬೇಕು. ಆದ್ದರಿಂದ ಮೊದಲು ಗಿಡ ಯಾವುದೆಂದು ತೀರ್ಮಾನವಾಗಬೇಕು. ಗಿಡಕ್ಕೆ ತಕ್ಕ ದೀಪ, ದೀಪಕ್ಕೆ ತಕ್ಕ ಗಾಳಿ. ಈ ಕ್ರಮ ತಪ್ಪಿಸಿ ಕೊಂಡ ಸಾಮಾನು ಎಷ್ಟು ದುಬಾರಿಯದಾದರೂ ಪ್ರಯೋಜನಕ್ಕೆ ಬರುವುದಿಲ್ಲ.

ಬೆಳಕಿನ ಅಳತೆ

ಬೆಳಕಿನ ವಿಚಾರದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1,00,000 ಲಕ್ಸ್. ಟ್ಯೂಬ್‌ಲೈಟ್ ಉರಿಯುವ ನಡುಮನೆ ಒಂದೆರಡು ನೂರು ಲಕ್ಸ್ ಇದ್ದೀತು, ಅಷ್ಟೆ. ಎರಡರ ನಡುವೆ ಐನೂರು ಪಟ್ಟು ಅಂತರ. ಆದರೂ ನಡುಮನೆಯಲ್ಲಿ ನಾವು ಆರಾಮಾಗಿ ಪತ್ರಿಕೆ ಓದುತ್ತೇವೆ, ಏಕೆಂದರೆ ಕಣ್ಣು ಇರುವ ಬೆಳಕಿಗೆ ತಕ್ಕಂತೆ ಹೊಂದಿಸಿಕೊಳ್ಳುತ್ತದೆ. ಗಿಡಕ್ಕೆ ಆ ಸೌಕರ್ಯವಿಲ್ಲ. ಎಲೆಯ ಮೇಲೆ ಬಿದ್ದಷ್ಟೇ ಅದರ ಊಟ.

ಆ ಊಟವನ್ನು ಅಳೆಯಲು ಲಕ್ಸ್ ಸರಿಯಾದ ಮಾನವಲ್ಲ. ಅದು ಮನುಷ್ಯನ ಕಣ್ಣಿಗಾಗಿ ಮಾಡಿದ್ದು, ಹಸಿರು-ಹಳದಿ ಬಣ್ಣಕ್ಕೆ ಹೆಚ್ಚು ಅಂಕ ಕೊಡುತ್ತದೆ. ಗಿಡಗಳು ಬಳಸಿಕೊಳ್ಳುವುದು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿನಲ್ಲಿ ಈ ಪಟ್ಟಿಯ ಎಷ್ಟು ಫೋಟಾನ್‌ಗಳು ಬಿದ್ದವು ಎಂಬುದನ್ನು ಮೈಕ್ರೊಮೋಲ್ ಲೆಕ್ಕದಲ್ಲಿ ಹೇಳುತ್ತಾರೆ. ಸುಡುಬಿಸಿಲಿನಲ್ಲಿ ಇದು ಸುಮಾರು 2000. ಸೊಪ್ಪುಗಳಿಗೆ 200 ಇದ್ದರೆ ಆದೀತು. ಇಡೀ ದಿನ ಬಿದ್ದ ಬೆಳಕಿನ ಮೊತ್ತಕ್ಕೆ ಬೆಳೆಗಾರರ ಭಾಷೆಯಲ್ಲಿ ಡಿಎಲ್‌ಐ ಎನ್ನುತ್ತಾರೆ. ಲೆಕ್ಕ ಸುಲಭ: ಮೈಕ್ರೊಮೋಲ್ ಸಂಖ್ಯೆಯನ್ನು ದೀಪ ಉರಿಯುವ ಗಂಟೆಗಳಿಂದ ಗುಣಿಸಿ, ಮತ್ತೆ 0.0036ರಿಂದ ಗುಣಿಸಿದರೆ ಆಯಿತು. 200 ಮೈಕ್ರೊಮೋಲ್ ದೀಪ 14 ಗಂಟೆ ಉರಿದರೆ ಹತ್ತು ಮೋಲ್. ಎಳೆಸೊಪ್ಪಿಗೆ ಆರರಿಂದ ಹತ್ತು, ಕೊತ್ತಂಬರಿ ಪುದೀನಗಳಿಗೆ ಹತ್ತರಿಂದ ಹದಿನೈದು ಮೋಲ್ ಸಾಕಾಗುತ್ತದೆ. ಟೊಮೆಟೊ, ಮೆಣಸಿನಕಾಯಿ ಇಪ್ಪತ್ತರ ಮೇಲೆ ಕೇಳುತ್ತವೆ. ಅಂದರೆ ದೀಪ ದುಪ್ಪಟ್ಟು, ಶಾಖ ದುಪ್ಪಟ್ಟು, ಫ್ಯಾನೂ ದುಪ್ಪಟ್ಟು. ಕಪಾಟಿನಲ್ಲಿ ಟೊಮೆಟೊ ಬೇಡ ಎನ್ನುವುದು ನನ್ನ ಖಂಡಿತ ಅಭಿಪ್ರಾಯ. ತುಳಸಿಯೂ ಬಿಸಿಲನ್ನೇ ಬೇಡುವ ಗಿಡ, ಕಪಾಟಿಗೆ ಅದೂ ಬೇಡ. ಒಂದೆಲಗ ಮಾತ್ರ ಮರದ ನೆರಳು, ಗದ್ದೆಯ ಬದು ಎಂದು ಎಲ್ಲೆಂದರಲ್ಲಿ ಹಬ್ಬಿಕೊಂಡು ಬಂದದ್ದು. ಕಪಾಟಿನ ಬೆಳಕು ಕಮ್ಮಿಯಾದ ಮೂಲೆಯಲ್ಲೂ ಹರಡಿಕೊಳ್ಳುತ್ತದೆ.

ಫೋಟಾನ್ ಅಳೆಯುವ ಉಪಕರಣ ದುಬಾರಿ. ಮೊಬೈಲಿನ ಲಕ್ಸ್ ಆ್ಯಪ್ ಕರಾರುವಾಕ್ಕಲ್ಲದಿದ್ದರೂ ಅಂದಾಜಿಗೆ ಸಾಲುತ್ತದೆ. ಬಿಳಿ ಎಲ್‌ಇಡಿ ದೀಪದ ಲಕ್ಸನ್ನು ಸುಮಾರು 70ರಿಂದ ಭಾಗಿಸಿದರೆ ಮೈಕ್ರೊಮೋಲ್ ಸಿಗುತ್ತದೆ. 14,000 ಲಕ್ಸ್ ತೋರಿದರೆ 200 ಎಂದುಕೊಳ್ಳಿ. ಫೋನನ್ನು ಎಲೆಗಳ ಮಟ್ಟದಲ್ಲಿ ಹಿಡಿದು ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ನೋಡಿ. ನಡುವಿಗಿಂತ ಮೂಲೆಯಲ್ಲಿ ಅರ್ಧಕ್ಕಿಂತ ಕಡಿಮೆಯಿದ್ದರೆ ಕುಂಡಗಳನ್ನು ವಾರಕ್ಕೊಮ್ಮೆ ಅದಲುಬದಲು ಮಾಡಬೇಕಾಗುತ್ತದೆ.

ದೀಪ ಎಷ್ಟು ಹೊತ್ತು ಉರಿಯಬೇಕು ಎಂಬಲ್ಲಿ ನಮ್ಮ ಸೊಪ್ಪುಗಳದ್ದೇ ಒಂದು ಸೂಕ್ಷ್ಮವಿದೆ. ಬೆಳಕು ಸಾಲದಿದ್ದರೆ ಗಂಟೆ ಹೆಚ್ಚಿಸಿ ಎಂದು ಪಾಶ್ಚಾತ್ಯ ಕೈಪಿಡಿಗಳು ಹೇಳುತ್ತವೆ. ಕಾಮಕಸ್ತೂರಿಗೆ ಹದಿನಾರು ಗಂಟೆ ಕೊಟ್ಟರೂ ಅದು ಖುಷಿಯಾಗಿಯೇ ಇರುತ್ತದೆ. ಆದರೆ ಕೊತ್ತಂಬರಿ, ಸಬ್ಬಸಿಗೆಗಳು ಹಗಲು ಉದ್ದವಾದಂತೆ ಹೂವಿಗೆ ತಿರುಗುವ ಜಾತಿ. ಬೆಂಗಳೂರಿನ ಹಗಲು ಡಿಸೆಂಬರಿನಲ್ಲಿ ಹನ್ನೊಂದೂವರೆ ಗಂಟೆಯ ಆಸುಪಾಸು, ಜೂನ್‌ನಲ್ಲಿ ಹದಿಮೂರು ಗಂಟೆಗೆ ತುಸು ಕಡಿಮೆ. ಕಪಾಟಿನಲ್ಲಿ ಹದಿನಾರು ಗಂಟೆಯ ಹಗಲು ಕಂಡ ಕೊತ್ತಂಬರಿ ಬೇಸಿಗೆ ಬಂತೆಂದು ಭಾವಿಸಿ ಕಾಂಡ ಎತ್ತಿ, ಎಲೆ ಸಣ್ಣದು ಮಾಡಿ, ಬೀಜ ಕಟ್ಟುವ ಅವಸರಕ್ಕೆ ಬೀಳುತ್ತದೆ. ಜತೆಗೆ ಶಾಖವೂ ಇದ್ದರಂತೂ ಮುಗಿಯಿತು. ಇವೆರಡಕ್ಕೆ ಹನ್ನೆರಡು ಗಂಟೆ ಮೀರಬಾರದು. ಮೊತ್ತ ಕಡಿಮೆಯಾಯಿತು ಅನ್ನಿಸಿದರೆ ದೀಪವನ್ನು ತುಸು ಕೆಳಗಿಳಿಸಿ ತೀವ್ರತೆ ಹೆಚ್ಚಿಸಿ, ಗಂಟೆ ಹೆಚ್ಚಿಸಬೇಡಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ಕೊತ್ತಂಬರಿ ತಳಿ ಹಲವು ಸಲ ಕೊಯ್ಯಲು ಬರುವಂಥದ್ದು. ಬೀಜ ಸಿಕ್ಕರೆ ಕಪಾಟಿಗೆ ಅದನ್ನೇ ಆರಿಸಿಕೊಳ್ಳಬಹುದು. ಟೈಮರ್ ಪ್ಲಗ್ ಒಂದನ್ನು ತಪ್ಪದೆ ಹಾಕಿ. ಕೈಯಿಂದ ಹಾಕಿ ಆರಿಸುತ್ತೇನೆ ಎನ್ನುವವರ ಗಿಡಗಳಿಗೆ ಭಾನುವಾರ ಒಂದು ಹಗಲು, ಸೋಮವಾರ ಇನ್ನೊಂದು ಹಗಲು ಆಗುತ್ತದೆ.

ಇನ್ನು ದೀಪದ ಬಣ್ಣ. ಅಂಗಡಿಗಳಲ್ಲಿ ನೇರಳೆ ಬಣ್ಣದ ದೀಪಗಳನ್ನು ಗಿಡಗಳಿಗೆಂದೇ ಮಾಡಿದ್ದು ಎಂದು ಮಾರುತ್ತಾರೆ. ಎಲೆಯಿಂದ ತೆಗೆದ ಹರಿತ್ತು ಕೆಂಪು ಮತ್ತು ನೀಲಿಯನ್ನು ಹೆಚ್ಚು ಹೀರುತ್ತದೆ, ಹಸಿರನ್ನು ಅಷ್ಟಾಗಿ ಹೀರುವುದಿಲ್ಲ ಎಂಬುದು ಶಾಲೆಯಲ್ಲಿ ಓದಿದ ಪಾಠ. ಆದರೆ ಇಡೀ ಎಲೆಯ ಕಥೆ ಬೇರೆ. ಕೀತ್ ಮೆಕ್ರೀ ಎಂಬ ವಿಜ್ಞಾನಿ ಹಲವು ಬೆಳೆಗಳ ಎಲೆಗಳ ಮೇಲೆ ಬೇರೆ ಬೇರೆ ಬಣ್ಣದ ಬೆಳಕು ಬಿಟ್ಟು ಅಳೆದು, 1972ರಲ್ಲಿ ಪ್ರಕಟಿಸಿದ ಫಲಿತಾಂಶಗಳಲ್ಲಿ ಹಸಿರು ಬೆಳಕಿನಿಂದಲೂ ಎಲೆಗಳು ಸಾಕಷ್ಟು ಆಹಾರ ತಯಾರಿಸುತ್ತವೆ ಎಂಬುದು ಸ್ಪಷ್ಟವಾಗಿತ್ತು. ಮೇಲಿನ ಪದರ ಕೆಂಪು ನೀಲಿಗಳನ್ನು ಹೀರಿದ ಮೇಲೆ, ಹಸಿರು ಬೆಳಕು ಒಳಗಿನ ಪದರಕ್ಕೂ ಕೆಳಗಿನ ಎಲೆಗೂ ಇಳಿಯುತ್ತದೆ. ಹಾಗಾಗಿ ಬಿಳಿ ಬೆಳಕು ಗಿಡಕ್ಕೆ ಯಾವ ರೀತಿಯಲ್ಲೂ ಕಡಿಮೆಯದಲ್ಲ. ನಾವು ಬಳಸುವ ಬಿಳಿ ಎಲ್‌ಇಡಿಯ ಒಡಲಲ್ಲಿ ಇರುವುದೂ ನೀಲಿ ದೀಪವೇ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ್ದಕ್ಕೆ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅದರ ಮೇಲೆ ಲೇಪಿಸಿದ ಫಾಸ್ಫರ್ ನೀಲಿಯ ಒಂದು ಪಾಲನ್ನು ಹಳದಿ, ಕೆಂಪಿಗೆ ತಿರುಗಿಸಿ ಬಿಳಿಯಾಗಿಸುತ್ತದೆ. 4000ದಿಂದ 5000 ಕೆಲ್ವಿನ್ ಎಂದು ಡಬ್ಬಿಯ ಮೇಲೆ ಬರೆದಿರುವ ಬಿಳಿ ದೀಪ, ಜತೆಗೆ 660 ನ್ಯಾನೊಮೀಟರಿನ ಕೆಂಪು ಚುಕ್ಕೆಗಳು ಒಂದಿಷ್ಟು ಇದ್ದರೆ ಇನ್ನೂ ಒಳ್ಳೆಯದು. ನೇರಳೆ ಬೆಳಕಿನಲ್ಲಿ ಎಲೆಗೆ ತಗುಲಿದ ಹಳದಿ ರೋಗ, ನುಸಿ, ಬೂಷ್ಟು ಒಂದೂ ಕಣ್ಣಿಗೆ ಕಾಣುವುದಿಲ್ಲ. ಮನೆಯೊಳಗಿನ ತೋಟದಲ್ಲಿ ಗಿಡವನ್ನು ನೋಡುವುದೇ ಅರ್ಧ ಆರೈಕೆ. ಆ ಕಾರಣಕ್ಕಾಗಿಯೇ ನಾನು ನೇರಳೆ ದೀಪವನ್ನು ಯಾರಿಗೂ ಹೇಳುವುದಿಲ್ಲ.

ಡಬ್ಬಿಯ ಮೇಲಿನ ವ್ಯಾಟ್ ಸಂಖ್ಯೆಯಲ್ಲೂ ಎಚ್ಚರ ಬೇಕು. ಸಾವಿರ ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದ ಪ್ಯಾನೆಲ್ ನಿಜಕ್ಕೂ ಎಳೆಯುವುದು ನೂರು ವ್ಯಾಟ್ ಇರಬಹುದು. ಹಿಂಬದಿಯ ಸಣ್ಣಕ್ಷರದ ಪಟ್ಟಿಯಲ್ಲಿ ನಿಜವಾದ ವಿದ್ಯುತ್ ಬಳಕೆ ಇರುತ್ತದೆ. ಅದರ ಜತೆ ಒಂದು ಜೂಲ್‌ಗೆ ಎಷ್ಟು ಮೈಕ್ರೊಮೋಲ್ ಎಂಬ ದಕ್ಷತೆಯ ಅಂಕಿಯೂ ಇರಬೇಕು. ಒಳ್ಳೆಯ ಗಿಡದ ದೀಪದಲ್ಲಿ ಅದು 2.5 ಅಥವಾ ಮೇಲೆ. ಆ ಅಂಕಿಯನ್ನೇ ಕೊಡದ ದೀಪವನ್ನು ಕೊಳ್ಳದಿರುವುದು ಲೇಸು. ಮನೆಬಳಕೆಯ ಎಲ್‌ಇಡಿ ಬ್ಯಾಟನ್, ಒಂದು ವ್ಯಾಟ್‌ಗೆ ನೂರು ಲೂಮೆನ್ ಕೊಡುವಂಥದ್ದು, ಈ ಲೆಕ್ಕದಲ್ಲಿ ಸುಮಾರು 1.4ರಿಂದ 1.5.

ನಮ್ಮ 90 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಆಳದ ಹಲಗೆಗೆ ಇದನ್ನು ಅನ್ವಯಿಸಿ ನೋಡೋಣ. ಅರ್ಧ ಚದರ ಮೀಟರಿಗೆ ತುಸು ಹೆಚ್ಚು ಜಾಗ. 200 ಮೈಕ್ರೊಮೋಲ್ ಬೇಕೆಂದರೆ, ಗೋಡೆಗೆ ಬಡಿದು ಪೋಲಾಗುವುದನ್ನೂ ಸೇರಿಸಿ, ಒಳ್ಳೆಯ ಪ್ಯಾನೆಲ್ ಆದರೆ 60 ವ್ಯಾಟ್ ಸಾಕು. ಬ್ಯಾಟನ್‌ಗಳಲ್ಲೇ ಮಾಡುತ್ತೇನೆ ಎಂದರೆ ನೂರು ವ್ಯಾಟ್ ಬೇಕು. ನಾಲ್ಕಡಿಯ 20 ವ್ಯಾಟ್ ಬ್ಯಾಟನ್ ಈ ಕಪಾಟಿಗೆ ಹಿಡಿಸುವುದೇ ಇಲ್ಲ, ಎರಡಡಿಯ 10 ವ್ಯಾಟಿನವು ಹತ್ತನ್ನು ಸಾಲಾಗಿ ಕೂರಿಸಬೇಕು. ಎಳೆಸೊಪ್ಪು ಮಾತ್ರ ಸಾಕೆಂದರೆ ಅಂಥ ಆರೇಳು ಬ್ಯಾಟನ್‌ಗಳೇ ಧಾರಾಳ. ಅಗ್ಗದಲ್ಲಿ ಶುರು ಮಾಡುವವರಿಗೆ ಇದು ಒಳ್ಳೆಯ ದಾರಿ. ಅದಕ್ಕಿಂತ ಮೇಲೆ ಹೋಗುವುದಾದರೆ ದಕ್ಷ ದೀಪಕ್ಕೆ ಕೊಟ್ಟ ಹಣ ಎರಡು ಕಡೆ ಉಳಿತಾಯವಾಗಿ ಬರುತ್ತದೆ. ಕರೆಂಟ್ ಬಿಲ್ಲಿನಲ್ಲಿ ಒಂದು, ಹೊರಹಾಕಬೇಕಾದ ಶಾಖದಲ್ಲಿ ಇನ್ನೊಂದು.

ಕಪಾಟಿನ ಒಳಗೋಡೆಗೆ ಹೊಳಪಿಲ್ಲದ ಅಚ್ಚ ಬಿಳಿ ಬಣ್ಣ ಬಳಿಯುವುದು ಇರುವುದರಲ್ಲೇ ಅತ್ಯಂತ ಅಗ್ಗದ ದೀಪ. ಬಿಳಿ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಹತ್ತರಲ್ಲಿ ಎಂಟು ಪಾಲನ್ನು ತಿರುಗಿ ಗಿಡಗಳ ಕಡೆಗೆ ಕಳಿಸುತ್ತದೆ. ಕಂದು ಬಣ್ಣದ ಲ್ಯಾಮಿನೇಟ್ ಅದರ ಬಹುಪಾಲನ್ನು ನುಂಗಿಬಿಡುತ್ತದೆ. ದೀಪವನ್ನು ಸರಪಳಿಯಲ್ಲಿ ತೂಗುಹಾಕಿದರೆ ಗಿಡ ಬೆಳೆದಂತೆ ಮೇಲೆತ್ತಲು ಅನುಕೂಲ. ಬ್ಯಾಟನ್‌ಗಳಾದರೆ ಎಲೆಯಿಂದ ಒಂದು ಗೇಣು, ಪ್ಯಾನೆಲ್ ಆದರೆ ಗೇಣೂವರೆಯಿಂದ ಎರಡು ಗೇಣು. ಆಮೇಲೆ ಗಿಡವೇ ಹೇಳುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗಿ ಕಾಂಡ ಬಡಕಲಾದರೆ ಬೆಳಕು ಸಾಲದು. ತುದಿಯ ಎಲೆಗಳು ಬಿಳಿಚಿಕೊಂಡು ಅಂಚು ಮೇಲಕ್ಕೆ ಮಡಚಿಕೊಂಡರೆ ದೀಪ ತೀರ ಹತ್ತಿರವಾಯಿತು.

ಗಾಳಿಯ ಲೆಕ್ಕ

ಎಲ್‌ಇಡಿ ತಣ್ಣಗಿರುತ್ತದೆ, ಅದಕ್ಕೆ ಫ್ಯಾನ್ ಬೇಡ ಎಂಬ ಮಾತು ಎಲ್ಲ ಕಡೆ ಕೇಳುತ್ತದೆ. ಕೈಯಿಟ್ಟರೆ ಹಳೆಯ ಬಲ್ಬಿನಂತೆ ಸುಡುವುದಿಲ್ಲ, ನಿಜ. ಆದರೆ ಅದು ಎಳೆದ ವಿದ್ಯುತ್ತಿನ ಅರ್ಧದಷ್ಟು ದೀಪದಲ್ಲೇ ಶಾಖವಾಗುತ್ತದೆ. ಬೆಳಕಾಗಿ ಹೊರಟ ಉಳಿದರ್ಧವೂ ಎಲೆ, ಮಣ್ಣು, ಗೋಡೆಗಳಿಗೆ ಬಿದ್ದು ಕೊನೆಗೆ ಶಾಖವೇ ಆಗುತ್ತದೆ. ಗಿಡ ಹಿಡಿದಿಟ್ಟುಕೊಳ್ಳುವುದು ಅದರಲ್ಲಿ ಕೆಲವೇ ಶೇಕಡಾ. ಅಂದರೆ 60 ವ್ಯಾಟ್ ದೀಪವೆಂದರೆ ಕಪಾಟಿನೊಳಗೆ 60 ವ್ಯಾಟಿನ ಹೀಟರ್ ಇಟ್ಟಂತೆಯೇ. ಬಾಗಿಲು ಮುಚ್ಚಿದರೆ ಒಂದು ಘನ ಮೀಟರ್ ಗಾಳಿ ಆ ಶಾಖವನ್ನು ಎಲ್ಲಿಗೆ ಒಯ್ದೀತು?

ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 1.1 ಕಿಲೊಜೂಲ್ ಸಾಕು. ಇದರಿಂದ ಒಂದು ಸರಳ ಸೂತ್ರ ಹುಟ್ಟುತ್ತದೆ: ಕಪಾಟಿನೊಳಗಿನ ಉಷ್ಣತೆ ಕೋಣೆಗಿಂತ ಮೂರು ಡಿಗ್ರಿಗಿಂತ ಹೆಚ್ಚು ಏರಬಾರದೆಂದರೆ, ದೀಪದ ವ್ಯಾಟ್ ಎಷ್ಟೋ ಗಂಟೆಗೆ ಅಷ್ಟು ಘನ ಮೀಟರ್ ಗಾಳಿ, ಮೇಲೆ ಶೇಕಡಾ ಹತ್ತು. 60 ವ್ಯಾಟಿಗೆ ಗಂಟೆಗೆ 66 ಘನ ಮೀಟರ್, ನೂರು ವ್ಯಾಟಿಗೆ 110. ಕಂಪ್ಯೂಟರಿಗೆ ಹಾಕುವ 120 ಮಿಲಿಮೀಟರಿನ 12 ವೋಲ್ಟ್ ಫ್ಯಾನುಗಳ ಮೇಲೆ ಗಾಳಿಯ ಪ್ರಮಾಣವನ್ನು ಸಿಎಫ್‌ಎಂ ಎಂದು ಬರೆದಿರುತ್ತಾರೆ. ಒಂದು ಸಿಎಫ್‌ಎಂ ಎಂದರೆ ಗಂಟೆಗೆ 1.7 ಘನ ಮೀಟರ್. 60 ಸಿಎಫ್‌ಎಂ ಫ್ಯಾನು ಕಾಗದದ ಮೇಲೆ ನೂರು ಘನ ಮೀಟರ್ ತಳ್ಳುತ್ತದೆ. ಆದರೆ ಆ ಅಂಕಿ ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗಿನದು. ಜಾಲರಿ, ಕಿರಿದಾದ ರಂಧ್ರ, ತಿರುವು ಎಲ್ಲ ಸೇರಿದರೆ ಅರ್ಧ ಉಳಿದರೆ ಹೆಚ್ಚು. ಆದ್ದರಿಂದ 60 ವ್ಯಾಟಿನ ಕಪಾಟಿಗೆ ಅಂಥ ಎರಡು ಫ್ಯಾನು ಹಾಕಿ. ಒಂದೇ ಫ್ಯಾನನ್ನು ಪೂರ್ತಿ ವೇಗದಲ್ಲಿ ಓಡಿಸುವುದಕ್ಕಿಂತ ಎರಡನ್ನು ನಿಧಾನವಾಗಿ ಓಡಿಸಿದರೆ ಸದ್ದು ಬಹಳ ಕಡಿಮೆ. ಮಲಗುವ ಕೋಣೆಯಲ್ಲಿ ಅದು ಸಣ್ಣ ವಿಷಯವಲ್ಲ.

ಫ್ಯಾನು ಎಲ್ಲಿರಬೇಕೆಂಬುದನ್ನು ನಮ್ಮ ಹಳೆಯ ಅಡುಗೆಮನೆಗಳು ಬಲ್ಲವು. ಒಲೆಯ ಮೇಲಿನ ಸೂರಿನಲ್ಲಿ ಹೊಗೆ ಹೋಗಲು ಕಿಂಡಿ ಬಿಡುತ್ತಿದ್ದರು, ತಂಪು ಗಾಳಿ ಬಾಗಿಲ ಕೆಳಗಿನಿಂದ ಬರುತ್ತಿತ್ತು. ಕಪಾಟಿನಲ್ಲೂ ಬಿಸಿಗಾಳಿ ಮೇಲೇರುತ್ತದೆ. ಫ್ಯಾನು ಮೇಲಿದ್ದು ಹೊರಕ್ಕೆ ಎಳೆಯಬೇಕು, ಗಾಳಿ ಒಳಬರುವ ದಾರಿ ಎದುರು ಬದಿಯ ಕೆಳಗಿರಬೇಕು. ಒಳಬರುವ ಬಾಯಿ ಫ್ಯಾನುಗಳ ಬಾಯಿಗಿಂತ ಒಂದೂವರೆ ಪಟ್ಟಾದರೂ ದೊಡ್ಡದಿರಲಿ. ಸೊಳ್ಳೆ ಪರದೆಯಂಥ ಜಾಲರಿ ಹಾಕಿದರೆ ಇನ್ನೂ ದೊಡ್ಡದು ಬೇಕು. ಫ್ಯಾನು ಗುಯ್ಯೆನ್ನುತ್ತಿದ್ದರೂ ಒಳಗೆ ಬಿಸಿ ತಗ್ಗಲಿಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ: ಹೊರಹೋಗಲು ದಾರಿ ಇದೆ, ಒಳಬರಲು ಇಲ್ಲ. ಹೊರಬಿಟ್ಟ ತೇವದ ಗಾಳಿ ಪಕ್ಕದ ಕಂಪಾರ್ಟ್‌ಮೆಂಟಿನ ರೇಷ್ಮೆ ಸೀರೆಗಳ ಕಡೆ ಹೋಗದಂತೆಯೂ ನೋಡಿಕೊಳ್ಳಬೇಕು. ಸಾಧ್ಯವಿದ್ದರೆ ದೀಪದ ಡ್ರೈವರ್ ಡಬ್ಬಿಯನ್ನು ಕಪಾಟಿನ ಹೊರಗೆ ಇಡಿ. ದೀಪದ ಒಟ್ಟು ಶಾಖದಲ್ಲಿ ಹತ್ತರಲ್ಲೊಂದು ಪಾಲು ಅಲ್ಲೇ ಹುಟ್ಟುವುದು, ಅಷ್ಟನ್ನು ಫ್ಯಾನಿನ ಸಹಾಯವೇ ಇಲ್ಲದೆ ತಪ್ಪಿಸಿದಂತಾಯಿತು.

ಶಾಖದ ಜತೆ ತೇವವೂ ಇದೆ. ಗಿಡಕ್ಕೆ ಎರೆದ ನೀರಿನಲ್ಲಿ ಅದು ಮೈಗೂಡಿಸಿಕೊಳ್ಳುವುದು ಅತ್ಯಲ್ಪ, ಉಳಿದುದೆಲ್ಲ ಎಲೆಯಿಂದ ಆವಿಯಾಗಿ ಹೋಗುತ್ತದೆ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು ಹೆಚ್ಚೆಂದರೆ 23 ಗ್ರಾಂ ನೀರಾವಿ. ನೀವು ದಿನಕ್ಕೆ ಅರ್ಧ ಲೀಟರ್ ನೀರು ಹಾಕಿದರೆ ಅದು 500 ಗ್ರಾಂ. ಬಾಗಿಲು ಮುಚ್ಚಿ ಫ್ಯಾನು ಆರಿಸಿದ ಕಪಾಟು ಸ್ವಲ್ಪ ಹೊತ್ತಿನಲ್ಲೇ ಬೆವರತೊಡಗುವುದು ಇದಕ್ಕೇ. ರಾತ್ರಿ ದೀಪ ಆರಿದಾಗ ಅಪಾಯ ಇನ್ನೂ ಹೆಚ್ಚು. ಉಷ್ಣತೆ ಇಳಿಯುತ್ತದೆ, ತಣ್ಣಗಾದ ಗಾಳಿ ಅಷ್ಟು ಆವಿಯನ್ನು ಹೊರಲಾರದೆ ಎಲೆಯ ಮೇಲೆ ಹನಿಯಾಗಿ ಇಳಿಸುತ್ತದೆ, ಬೂಷ್ಟಿಗೆ ಅದೇ ಹಬ್ಬ. ಎಳೆ ಸಸಿಗಳು ಬುಡದಲ್ಲಿ ಕೊಳೆತು ರಾತ್ರಿ ಬೆಳಗಾಗುವುದರೊಳಗೆ ಮಲಗಿಬಿಡುವುದೂ ನಿಂತ ತೇವದಿಂದಲೇ. ದೀಪ ಆರಿದ ಮೇಲೆ ಫ್ಯಾನಿಗೂ ರಜೆ ಎಂದು ಎರಡನ್ನೂ ಒಂದೇ ಟೈಮರಿಗೆ ಸಿಕ್ಕಿಸುವವರು ಇದನ್ನು ಗಮನಿಸಬೇಕು. ಹಗಲಿನ ಫ್ಯಾನಿನ ಗಾತ್ರವನ್ನು ಶಾಖ ತೀರ್ಮಾನಿಸುತ್ತದೆ, ರಾತ್ರಿಯ ಫ್ಯಾನಿನದನ್ನು ತೇವ. ರಾತ್ರಿಗೆ ಹಗಲಿನ ಕಾಲುಭಾಗ ಗಾಳಿ ಸಾಕು, ಆದರೆ ನಿಲ್ಲಬಾರದು.

ಇದನ್ನು ಅತ್ಯಂತ ದುಬಾರಿ ಬೆಲೆ ತೆತ್ತು ಕಲಿತದ್ದು ಬಾಹ್ಯಾಕಾಶದಲ್ಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ವೆಜಿ ಎಂಬ ಪುಟ್ಟ ತೋಟವಿದೆ. ಎಲ್‌ಇಡಿ ದೀಪ, ಬೇರಿಗೆ ಮಾಧ್ಯಮದ ದಿಂಬುಗಳು, ಒಂದು ಫ್ಯಾನು. ಹೆಚ್ಚುಕಡಿಮೆ ನಮ್ಮ ಕಪಾಟೇ. 2014ರಲ್ಲಿ ಅಲ್ಲಿಗೆ ಹೋದ ಈ ತೋಟದಲ್ಲಿ ಬೆಳೆದ ಕೆಂಪು ಲೆಟ್ಯೂಸನ್ನು 2015ರ ಆಗಸ್ಟ್‌ನಲ್ಲಿ ಗಗನಯಾತ್ರಿಗಳು ತಿಂದು ನೋಡಿದರು. ಅದಾದ ಮೇಲೆ ಜಿನಿಯಾ ಹೂವಿನ ಗಿಡ ಹಾಕಿದಾಗ ಎಲೆಗಳಿಂದ ನೀರು ಒಸರಿತು, ಗಾಳಿಯ ಓಡಾಟ ಸಾಲದೆ ಡಿಸೆಂಬರಿನಲ್ಲಿ ಬೂಷ್ಟು ಹಿಡಿಯಿತು. ಫ್ಯಾನಿನ ವೇಗ ಏರಿಸಿದರು, ಬೂಷ್ಟಿನ ಭಾಗಗಳನ್ನು ಕತ್ತರಿಸಿ ತೆಗೆದರು. ಭೂಮಿಯಿಂದ ಬರುವ ವೇಳಾಪಟ್ಟಿಯಂತೆ ನೀರು ಹಾಕುವ ಬದಲು, ಗಿಡವನ್ನು ನೋಡಿ ತಾನೇ ನಿರ್ಧರಿಸುತ್ತೇನೆ ಎಂದು ಗಗನಯಾತ್ರಿ ಸ್ಕಾಟ್ ಕೆಲ್ಲಿ ಹೊಣೆ ಹೊತ್ತರು. 2016ರ ಜನವರಿಯಲ್ಲಿ ಕಿತ್ತಳೆ ಬಣ್ಣದ ಹೂವು ಅರಳಿತು. ಅಲ್ಲಿ ಗುರುತ್ವದ ಸೆಳೆತ ಕಾಣಿಸದ ಕಾರಣ ಬಿಸಿಗಾಳಿ ತಾನಾಗಿ ಮೇಲೇರುವುದೂ ಇಲ್ಲ, ಎಲ್ಲವೂ ಫ್ಯಾನಿನ ಮೇಲೆಯೇ. ನಮಗೆ ಆ ಮಟ್ಟಿಗೆ ಭೂಮಿ ಸಹಾಯ ಮಾಡುತ್ತದೆ.

ಗಾಳಿಯ ಮೂರನೆಯ ಕೆಲಸ ಗಿಡದ ಉಸಿರಿನದು. ಒಂದು ಘನ ಮೀಟರ್ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಒಂದು ಗ್ರಾಂಗಿಂತ ಕಡಿಮೆ. ಸೊಂಪಾಗಿ ಹಬ್ಬಿದ ಸೊಪ್ಪು ಒಳ್ಳೆಯ ಬೆಳಕಿನಲ್ಲಿ ಅದರ ಬಹುಪಾಲನ್ನು ಒಂದೆರಡು ಗಂಟೆಯಲ್ಲೇ ಹೀರಬಲ್ಲದು. ಆಮೇಲೆ ದೀಪ ಎಷ್ಟೇ ಉರಿದರೂ ಬೆಳವಣಿಗೆ ಕುಂಟುತ್ತದೆ. ಇದಕ್ಕೆಂದೇ ಸಿಲಿಂಡರು, ಸಕ್ಕರೆ-ಯೀಸ್ಟಿನ ಬಾಟಲಿ ಎಂದೆಲ್ಲ ಹೇಳುವವರಿದ್ದಾರೆ. ಮನೆಯ ಕಪಾಟಿಗೆ ಅದೊಂದೂ ಬೇಡ. ಶಾಖಕ್ಕಾಗಿ ಎಳೆದುಕೊಂಡ ಗಾಳಿಯೇ ಇದನ್ನೂ ತಂದುಕೊಡುತ್ತದೆ.

ಹೊರಹಾಕುವ ಫ್ಯಾನಿನ ಜತೆಗೆ, ಒಳಗೇ ಗಾಳಿ ಕಲಕುವ ಒಂದು ಪುಟ್ಟ ಫ್ಯಾನು ಇದ್ದರೆ ಗಿಡದ ರೂಪವೇ ಬದಲಾಗುತ್ತದೆ. ಪ್ರತಿ ಎಲೆಯ ಸುತ್ತಲೂ ನಿಂತ ಗಾಳಿಯ ತೆಳು ಪದರವೊಂದು ಅಂಟಿಕೊಂಡಿರುತ್ತದೆ, ಅದು ಕದಡಿದರೆ ಮಾತ್ರ ಆವಿ ಹೊರಗೆ, ಇಂಗಾಲ ಒಳಗೆ. ಲೆಟ್ಯೂಸಿನ ಒಳ ಎಲೆಗಳ ಅಂಚು ಕರಿದಾಗುವುದನ್ನು ಕ್ಯಾಲ್ಸಿಯಂ ಕೊರತೆ ಎನ್ನುತ್ತಾರೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟಿದ್ದರೂ ಇದು ಬರುತ್ತದೆ. ಕ್ಯಾಲ್ಸಿಯಂ ನೀರಿನ ಜತೆ ಏರಿ ಬರುವಂಥದ್ದು, ಗಾಳಿಯಾಡದ ಎಲೆಯಿಂದ ನೀರು ಆರುವುದಿಲ್ಲ, ನೀರು ಆರದಿದ್ದರೆ ಕ್ಯಾಲ್ಸಿಯಂ ಅಲ್ಲಿಗೆ ತಲುಪುವುದಿಲ್ಲ. ತುಸು ಅಲುಗಾಡುತ್ತ ಬೆಳೆದ ಕಾಂಡ ಗಿಡ್ಡವಾಗಿ, ಗಟ್ಟಿಯಾಗಿ ಬೆಳೆಯುತ್ತದೆ. ಬಯಲಿನ ಗಿಡಕ್ಕೂ ಒಳಾಂಗಣದ ಗಿಡಕ್ಕೂ ಇರುವ ವ್ಯತ್ಯಾಸದಲ್ಲಿ ಈ ಅಲುಗಾಟದ ಪಾಲು ದೊಡ್ಡದು. ಎಲೆಗಳು ಸುಮ್ಮನೆ ನಡುಗುವಷ್ಟು ಗಾಳಿ ಸಾಕು. ನೇರವಾಗಿ ಮುಖಕ್ಕೆ ಬೀಸಿದರೆ ಎಲೆ ಒಣಗುತ್ತದೆ.

ಊರಿಗೆ ತಕ್ಕ ಕಪಾಟು

ಫ್ಯಾನು ಒಳಗೆಳೆಯುವುದು ಕೋಣೆಯ ಗಾಳಿಯನ್ನು. ಕೋಣೆಗಿಂತ ತಂಪಾದ ಕಪಾಟನ್ನು ಯಾವ ಫ್ಯಾನೂ ಮಾಡಿಕೊಡಲಾರದು. ಹಾಗಾಗಿ ಬೆಂಗಳೂರು, ಮೈಸೂರಿಗೆ ಹೊಂದುವ ಏರ್ಪಾಡು ಕಲಬುರಗಿಗೆ ಹೊಂದುವುದಿಲ್ಲ. ಮೇ ತಿಂಗಳ ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ. ಅಂಥ ಊರಿನಲ್ಲಿ ದೀಪದ ಹಗಲನ್ನು ರಾತ್ರಿಗೆ ಬದಲಾಯಿಸುವುದೇ ಉಪಾಯ: ರಾತ್ರಿ ಎಂಟಕ್ಕೆ ದೀಪ ಹತ್ತಲಿ, ಬೆಳಿಗ್ಗೆ ಎಂಟಕ್ಕೆ ಆರಲಿ. ಗಿಡಕ್ಕೆ ಬೇಕಾದದ್ದು ಕ್ರಮ ತಪ್ಪದ ಹಗಲು-ರಾತ್ರಿ. ನಮ್ಮ ಗಡಿಯಾರದ ಹಗಲೇ ಆಗಬೇಕೆಂದಿಲ್ಲ. ಬೆಂಗಳೂರಿನವರಿಗೂ ಏಪ್ರಿಲ್‌ನಲ್ಲಿ ಇದು ಒಳ್ಳೆಯದು, ಕೊತ್ತಂಬರಿ ಹೂವಿಗೆ ತಿರುಗುವುದು ತಡವಾಗುತ್ತದೆ.

ಮಂಗಳೂರು, ಉಡುಪಿ, ಕಾರವಾರಗಳ ಕಷ್ಟ ತೇವದ್ದು. ಆಷಾಢದಲ್ಲಿ ಕೋಣೆಯ ಗಾಳಿಯೇ ನೆನೆದ ಬಟ್ಟೆಯಂತಿರುವಾಗ ಅದನ್ನು ಎಷ್ಟು ಒಳಗೆಳೆದರೂ ಕಪಾಟು ಒಣಗದು. ಅಲ್ಲಿ ಗಿಡಗಳನ್ನು ಒತ್ತೊತ್ತಾಗಿ ಇಡಬಾರದು, ನೀರನ್ನು ಬೆಳಿಗ್ಗೆ ದೀಪ ಹತ್ತಿದ ಕೂಡಲೇ ಬುಡಕ್ಕಷ್ಟೇ ಹಾಕಬೇಕು, ಒಳಗಿನ ಕಲಕುವ ಫ್ಯಾನು ಹಗಲಿರುಳೂ ಓಡಬೇಕು. ಕರಾವಳಿಯವರು ತಿಮರೆ ಎನ್ನುವ ಒಂದೆಲಗಕ್ಕೆ ಆ ಹವೆ ಒಗ್ಗುತ್ತದೆ, ಮಳೆಗಾಲದಲ್ಲಿ ಅದನ್ನೇ ಮುಖ್ಯ ಬೆಳೆ ಮಾಡಿಕೊಳ್ಳುವುದು ಜಾಣತನ.

ಟೊರಾಂಟೊ, ಮಿನಿಯಾಪೊಲಿಸ್‌ನಂಥ ಊರುಗಳ ಕನ್ನಡಿಗರ ಮನೆಗಳಲ್ಲಿ ಕಪಾಟು ತೋಟದ ಅಗತ್ಯ ಇನ್ನೂ ತೀವ್ರ. ಅಮೆರಿಕದಲ್ಲಿ ನಿಂಬೆ-ಕಿತ್ತಳೆ ತೋಟಗಳ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಬದುಕುವುದರಿಂದ ಆ ಗಿಡದ ಸಾಗಾಟಕ್ಕೆ ನಿರ್ಬಂಧಗಳಿವೆ. ಇರುವ ಒಂದು ಗಿಡವನ್ನು ಚಳಿಗಾಲ ದಾಟಿಸುವುದು ಮನೆಮಂದಿಯ ಕಾಳಜಿಯಾಗುತ್ತದೆ. ಟೊರಾಂಟೊದ ಡಿಸೆಂಬರ್ ಹಗಲು ಒಂಬತ್ತು ಗಂಟೆಯದು, ಅದೂ ಮೋಡದ ಮರೆಯಲ್ಲಿ. ಅಲ್ಲಿನ ಗಾಳಿಯ ಸಮಸ್ಯೆ ನಮ್ಮದರ ತಿರುವುಮುರುವು: ಹೀಟರ್ ಓಡುವ ಮನೆಯ ಗಾಳಿ ವಿಪರೀತ ಒಣ. ಹೊರಹಾಕುವ ಫ್ಯಾನನ್ನು ತೀರ ನಿಧಾನಕ್ಕೆ ಇಟ್ಟು ದೀಪದ ಬಿಸಿಯನ್ನೂ ಎಲೆಯ ತೇವವನ್ನೂ ಒಳಗೇ ಉಳಿಸಿಕೊಳ್ಳಬೇಕು. ನಮಗೆ ಬೇಡವಾದ ಶಾಖವೇ ಅಲ್ಲಿ ಕರಿಬೇವನ್ನು ಬದುಕಿಸುವುದು.

ಖರ್ಚಿನ ಮಾತು. 60 ವ್ಯಾಟ್ ದೀಪ ದಿನಕ್ಕೆ 14 ಗಂಟೆ, ಫ್ಯಾನುಗಳು ಇಡೀ ದಿನ ಓಡಿದರೆ ತಿಂಗಳಿಗೆ 30 ಯೂನಿಟ್ ಒಳಗೆ. ನೂರು ವ್ಯಾಟಿನ ಬ್ಯಾಟನ್‌ಗಳಾದರೆ 45ರ ಮೇಲೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿರುವವರು ಇದನ್ನು ಮೊದಲೇ ಯೋಚಿಸಬೇಕು. ಹಿಂದಿನ ಸರಾಸರಿಯ ಮೇಲೆ ಇಂತಿಷ್ಟೇ ಹೆಚ್ಚುವರಿ ಎಂಬ ಮಿತಿ ಅಲ್ಲಿದೆ. ಒಟ್ಟು ಬಳಕೆ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ. ಈಗಾಗಲೇ 180ರ ಹತ್ತಿರ ಇರುವ ಮನೆಗೆ 30 ಯೂನಿಟ್ ಎಂದರೆ ಬರೀ 30 ಯೂನಿಟ್ಟಲ್ಲ.

ನೀರು, ಕರೆಂಟು ಒಂದೇ ಗೂಡಿನಲ್ಲಿರುವಾಗ ಸುರಕ್ಷತೆಯಲ್ಲಿ ರಾಜಿ ಬೇಡ. ಎಕ್ಸ್‌ಟೆನ್ಷನ್ ಬೋರ್ಡು ಕುಂಡಗಳಿಗಿಂತ ಮೇಲೆ, ಗೋಡೆಗೆ ತಿರುಪು ಹಾಕಿ ಕೂರಿಸಿದ್ದಾಗಿರಬೇಕು, ನೆಲದ ಮೇಲೆ ಬಿದ್ದಿರಬಾರದು. ಪ್ಲಗ್ಗಿಗೆ ಬರುವ ತಂತಿ ಒಮ್ಮೆ ಕೆಳಗಿಳಿದು ಮತ್ತೆ ಏರಿದಂತಿದ್ದರೆ ಅದರ ಮೇಲೆ ಹರಿದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ. ಮನೆಯ ಮೀಟರ್ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಕ್ಷಣ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ, ಇಲ್ಲದಿದ್ದರೆ ಹಾಕಿಸಿಕೊಂಡೇ ಶುರು ಮಾಡಿ. ಬಟ್ಟೆ, ಕಾಗದ, ಹೊದಿಕೆಗಳನ್ನು ದೀಪದ ಮೇಲ್ಭಾಗದಲ್ಲಿ ಪೇರಿಸಬಾರದು. ವಾರ್ಡ್‌ರೋಬು ಪಾರ್ಟಿಕಲ್ ಬೋರ್ಡಿನದಾದರೆ ತಳಕ್ಕೆ ಅಂಚಿರುವ ಪ್ಲಾಸ್ಟಿಕ್ ತಟ್ಟೆ ಹಾಸಿ. ಒಮ್ಮೆ ನೀರು ಕುಡಿದು ಉಬ್ಬಿದ ಹಲಗೆ ಮತ್ತೆ ಮೊದಲಿನಂತಾಗದು. ಬಾಡಿಗೆ ಮನೆಯವರು ಕಪಾಟಿಗೆ ರಂಧ್ರ ಕೊರೆಯಲೇಬೇಕೆಂದಿಲ್ಲ. ಬಾಗಿಲಿನ ಒಂದು ರೆಕ್ಕೆ ಕಳಚಿಟ್ಟು ಆ ಜಾಗಕ್ಕೆ ಮೇಲೆ ಫ್ಯಾನು, ಕೆಳಗೆ ಜಾಲರಿ ಕೂರಿಸಿದ ತೆಳು ಪ್ಲೈವುಡ್ ಹಲಗೆಯನ್ನು ನಿಲ್ಲಿಸಿದರೆ, ಮನೆ ಬಿಡುವ ದಿನ ಹಳೆಯ ರೆಕ್ಕೆಯನ್ನೇ ತೊಡಿಸಬಹುದು.

ಕರೆಂಟ್ ಹೋದಾಗ ಏನು ಮಾಡಬೇಕೆಂದು ಹಲವರು ಕೇಳುತ್ತಾರೆ. ದೀಪ ಒಂದೆರಡು ಗಂಟೆ ಆರಿದರೆ ಗಿಡಕ್ಕೇನೂ ಆಗದು, ಮೋಡ ಕವಿಯಿತು ಎಂದುಕೊಂಡೀತು. ಇನ್ವರ್ಟರಿಗೆ ದೀಪವನ್ನು ಜೋಡಿಸಬೇಡಿ. ಜೋಡಿಸಬೇಕಾದದ್ದು ಫ್ಯಾನನ್ನು, ಅದರಲ್ಲೂ ರಾತ್ರಿಯ ಫ್ಯಾನನ್ನು. ಅದಕ್ಕೆ ಇನ್ವರ್ಟರ್ ಕೂಡ ಬೇಕಿಲ್ಲ: ವೈಫೈ ರೂಟರ್‌ಗೆಂದು ಸಿಗುವ 12 ವೋಲ್ಟಿನ ಪುಟ್ಟ ಯುಪಿಎಸ್ ಎರಡು ಮೂರು ವ್ಯಾಟಿನ ಈ ಫ್ಯಾನುಗಳಿಗೆ ನೇರವಾಗಿ ಹೊಂದುತ್ತದೆ, ಒಂದು ಫ್ಯಾನನ್ನು ಹಲವು ಗಂಟೆ ಓಡಿಸುತ್ತದೆ. ಕೊಳ್ಳುವಾಗ ಯುಪಿಎಸ್ಸಿನ ಪಿನ್ನು ಫ್ಯಾನಿನ ಅಡಾಪ್ಟರಿನ ಪಿನ್ನಿಗೆ ಹೊಂದುತ್ತದೆಯೇ, ಧನ-ಋಣ ಸರಿಯಿದೆಯೇ ಎಂದು ಅಂಗಡಿಯಲ್ಲೇ ಸಿಕ್ಕಿಸಿ ನೋಡಿಕೊಳ್ಳಿ.